ಗೈಡ್ ಸಿಕ್ಕಿದ ಮೇಲೆ

ಫೆಬ್ರವರಿ 5, ಬುಧವಾರ

ಸಮುದ್ರದ ಗಾಳಿ ಸೋಕಿದರೆ ಮನಸ್ಸು ಹಗುರವಾಗುತ್ತದೆ ಎಂದು ಉಷಾ ಕರೆದುಕೊಂಡು ಬಂದಳು. ತಮಿಳು ಕರಾವಳಿಯ ಈ ಕೋವಳಂಗೆ ಬಂದು ನಾಲ್ಕು ಗಂಟೆಯಾಯಿತು. ಹಗುರವಾಗಿಲ್ಲ.

ಬ್ಯಾಂಕಿನಲ್ಲಿ ನನಗೆ ಬರಬೇಕಿದ್ದ ಸೀನಿಯರ್ ಮ್ಯಾನೇಜರ್ ಹುದ್ದೆ ರಜತ್‌ಗೆ ಹೋಯಿತು. ಲೋನ್ ಫೈಲು ಓದುವುದು ಹೇಗೆಂದು ಅವನಿಗೆ ಕಲಿಸಿದವನು ನಾನು. ಅವನು ಹಂಚಿದ ಮೈಸೂರುಪಾಕು ತಿಂದು, ಕೈ ಕುಲುಕಿ, ಅದೇ ಸಂಜೆ ರಜೆ ಹಾಕಿದೆ. ದಾವಣಗೆರೆಯಲ್ಲಿ ಇನ್ನೆರಡು ದಿನ ಇದ್ದಿದ್ದರೆ ಅವನ ಹೊಸ ಕ್ಯಾಬಿನ್ನಿಗೆ ಹೂವಿನ ಬೊಕೆಯನ್ನೂ ನಾನೇ ಆರಿಸಿ ತರಬೇಕಾಗಿತ್ತು.

ಅಣ್ಣಾ ನಗರದಲ್ಲಿರುವ ಉಷಾಳ ಚಿಕ್ಕಮ್ಮನ ಮಗ ಪ್ರಮೋದ ಇಲ್ಲಿ ಕಡಲ ಪಕ್ಕದಲ್ಲಿ ಒಂದು ಫ್ಲ್ಯಾಟ್ ಇಟ್ಟುಕೊಂಡಿದ್ದಾನೆ. ಕೀಲಿ ಕೊಟ್ಟ. ಹನ್ನೊಂದು ದಿನ ನಮ್ಮದೇ.

ನನಗೆ ಇಲ್ಲಿ ಬೇಕಾಗಿರುವುದು ಒಂದೇ. ಮೂವತ್ತು ವರ್ಷದಿಂದ ಭಾನುವಾರ ಬಂತೆಂದರೆ ಹರಿಹರದ ಹೊಳೆಯಲ್ಲಿ ಗಾಳ ಹಾಕಿದ್ದೇನೆ. ಸಮುದ್ರದ ಮೀನು ಒಮ್ಮೆಯೂ ಹಿಡಿದಿಲ್ಲ. ಹತ್ತಿರದಲ್ಲೇ ಮುಟ್ಟುಕಾಡಿನ ಅಳಿವೆ ಇದೆ, ಹಿನ್ನೀರು ಕಡಲಿಗೆ ಸೇರುವ ಜಾಗ. ಅಲ್ಲಿ ಕೊಡುವಾ ಎಂಬ ಬೆಳ್ಳಿ ಬಣ್ಣದ ಮೀನು ಹತ್ತು ಕೆ.ಜಿ.ವರೆಗೆ ಬೆಳೆಯುತ್ತದಂತೆ. ಅದರ ಜಾಗ ತೋರಿಸುವ ಒಬ್ಬ ಗೈಡ್ ಸಿಕ್ಕರೆ ಸಾಕು. ಒಂದು ಕೊಡುವಾ. ಅದರ ಪಕ್ಕದಲ್ಲಿ ನಿಂತ ಒಂದು ಫೋಟೊ. ಬ್ರಾಂಚಿನ ಗ್ರೂಪಿಗೆ ಹಾಕುತ್ತೇನೆ, ರಜತ್‌ನೂ ನೋಡಲಿ.

ಫೆಬ್ರವರಿ 6, ಗುರುವಾರ

ಪ್ರಮೋದ ಒಬ್ಬ ‘ಕ್ಯಾಪ್ಟನ್’ ನಂಬರು ಕೊಟ್ಟಿದ್ದ. ಕಪ್ಪು ಕನ್ನಡಕ, ಕೈತುಂಬ ಹಚ್ಚೆ, ಫೋನಿನಲ್ಲಿ ನೂರಾರು ಮೀನಿನ ಫೋಟೊ. ಬೆಳಗ್ಗೆ ಐದಕ್ಕೆ ಬರುತ್ತೇನೆಂದವನು ಹತ್ತಕ್ಕೆ ಬಂದ. ದೋಣಿಯಲ್ಲಿ ಆಗಲೇ ಆರು ಜನ ಕಾಲೇಜು ಹುಡುಗರಿದ್ದರು, ಒಂದು ಸ್ಪೀಕರ್ ಇತ್ತು. ಮೂರು ಗಂಟೆ ಸುತ್ತಾಡಿಸಿದ. ಒಂದು ಮೀನೂ ಮುಟ್ಟಲಿಲ್ಲ. “ಟುಡೇ ಸೀ ಹಾಟ್, ಸಾರ್” ಎಂದ. ಆ ಹುಡುಗರಲ್ಲಿ ಒಬ್ಬ ನನ್ನ ರಾಡನ್ನು ಕೇಳಿ ತೆಗೆದುಕೊಂಡು ಅದರ ಜೊತೆ ಸೆಲ್ಫಿ ಹೊಡೆದುಕೊಂಡ.

ಫೆಬ್ರವರಿ 7, ಶುಕ್ರವಾರ

ತ್ರಿಪ್ಲಿಕೇನಿನಲ್ಲಿ ಗಾಳದ ಸಾಮಾನಿನ ಅಂಗಡಿ ಇದೆಯೆಂದು ಹೋಗಿದ್ದೆ. ಅಂಗಡಿಯವನು ಮೂರು ನಂಬರು ಬರೆದುಕೊಟ್ಟ. ಒಂದು ಬಂದ್. ಒಂದು ಎತ್ತುವುದಿಲ್ಲ. ಮೂರನೆಯವನು ಎತ್ತಿ, ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ಕೇಳಿ, ತಮಿಳಿನಲ್ಲಿ ಏನೋ ಒಂದು ಅಂದು ಇಟ್ಟುಬಿಟ್ಟ. ಮೀನು ಎಲ್ಲಿದೆ ಎಂದು ಗೊತ್ತಿರುವವರಿಗೆ ನನ್ನ ಮಾತು ಗೊತ್ತಿಲ್ಲ, ನನ್ನ ಮಾತು ಗೊತ್ತಿರುವವರಿಗೆ ಮೀನು ಗೊತ್ತಿಲ್ಲ.

ಫೆಬ್ರವರಿ 8, ಶನಿವಾರ

ಗೈಡ್ ಸಿಕ್ಕಿದ.

ಸಂಜೆ ಮೀನು ಕೊಳ್ಳೋಣವೆಂದು ದಡಕ್ಕೆ ಹೋಗಿದ್ದೆವು. ಹಾಗೆಂದವನು ನಾನೇ, ಆದ್ದರಿಂದ ನಾನೇ ಹುಡುಕಿದೆ ಎಂದರೂ ತಪ್ಪಿಲ್ಲ. ಅಂಜಲೈ ಎಂಬ ಹೆಂಗಸು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಉಷಾ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಕಿವಿರು ಎತ್ತಿ ನೋಡಿ, ಬೆರಳಿನಿಂದ ಬೆನ್ನು ಒತ್ತಿ, ತಮಿಳಿನಲ್ಲಿ ಏನೋ ಅಂದಳು. ಅಂಜಲೈ ಬಿದ್ದು ಬಿದ್ದು ನಕ್ಕಳು. ಉಷಾಳೂ ನಕ್ಕಳು. ಜೋರಾಗಿ, ಬಾಯಿ ಮುಚ್ಚಿಕೊಳ್ಳದೆ.

“ಏನಂದೆ?”

“ನಿನ್ನ ಮೀನಿಗಿಂತ ನನ್ನ ಮೈದುನನ ಮದುವೆ ಫೋಟೊ ಹೊಸದು ಅಂದೆ.”

ಹತ್ತು ನಿಮಿಷದಲ್ಲಿ ಅಂಜಲೈಯ ಗಂಡನನ್ನು ಕರೆಸಿಯಾಗಿತ್ತು. ತಣಿಕಾಚಲಂ. ನನ್ನ ವಯಸ್ಸಿನವನೇ ಇರಬೇಕು, ಒಣಗಿದ ನುಗ್ಗೆಕಾಯಿಯ ಹಾಗಿದ್ದಾನೆ. ಮೀನಿನ ಫೋಟೊ ಒಂದನ್ನೂ ತೋರಿಸಲಿಲ್ಲ. ನನ್ನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದ. ಉಷಾ ಅವನ ಮಾತನ್ನು ಹೇಳಿದಳು: “ಉಬ್ಬರ ತಿರುಗೋ ಹೊತ್ತಿಗೆ ಹೋಗಬೇಕಂತೆ. ನಾಳೆ ಐದೂವರೆಗೆ. ಮಾತು ತಿಳಿಸೋಕೆ ನಾನೂ ಬರಬೇಕಂತೆ.”

ಉಷಾ ಹುಟ್ಟಿದ್ದು ಇಲ್ಲೇ ಹತ್ತಿರ, ನಗರದ ರಾಯಪುರಂನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಮದುವೆಯಾಗಿ ಇಪ್ಪತ್ತೇಳು ವರ್ಷವಾಯಿತು. ನಮ್ಮ ಮನೆಯಲ್ಲಿ ಅವಳು ಕಮ್ಮಿ ಮಾತಿನವಳು ಎಂದೇ ಹೆಸರು. ತಮಿಳಿನಲ್ಲಿ ಹಾಗೇನೂ ಇಲ್ಲ ಎಂದು ಇವತ್ತು ಗೊತ್ತಾಯಿತು.

ಫೆಬ್ರವರಿ 9, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಫೈಬರ್ ದೋಣಿ. ತಣಿಕಾಚಲಂ ಇಬ್ಬರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಸಿದ. ನಾನು ದೋಣಿಯ ಮುಂತುದಿಯಲ್ಲಿ ನಿಂತೆ, ಉಷಾ ನಡುವಿನ ಹಲಗೆಯ ಮೇಲೆ ಫ್ಲಾಸ್ಕ್ ಹಿಡಿದು ಕೂತಳು. ಬಂಡೆಸಾಲಿನ ಹತ್ತಿರ ಎಂಜಿನ್ ನಿಲ್ಲಿಸಿ ಜೀವಂತ ಸೀಗಡಿ ಸಿಕ್ಕಿಸಿ ಕೊಟ್ಟ. ನಾನು ನಲವತ್ತು ಸಲ ಎಸೆದಿರಬೇಕು. ಪ್ರತಿ ಸಲವೂ ಅವನು ಏನೋ ಹೇಳುತ್ತಿದ್ದ, ಉಷಾ ಕನ್ನಡ ಮಾಡುತ್ತಿದ್ದಳು: “ಅಷ್ಟು ದೂರ ಬೇಡವಂತೆ.” “ಎಳೀಬೇಡಿ, ಬಿಡಿ ಅಂತಾನೆ.” “ಹೊಳೆ ಅಲ್ವಂತೆ ಇದು.” ಕಡೆಯದನ್ನು ಅವನು ಹೇಳಿದನೋ ಇವಳೇ ಸೇರಿಸಿದಳೋ ಗೊತ್ತಿಲ್ಲ.

ಆಮೇಲೆ ಅವನು ಸುಮ್ಮನೆ ಬಿದ್ದಿದ್ದ ಇನ್ನೊಂದು ರಾಡನ್ನು ಉಷಾಳ ಕೈಗೆ ಕೊಟ್ಟ. ನಾನು ಬೇಡವೆನ್ನಲಿಲ್ಲ, ಹೊತ್ತು ಹೋಗಲಿ ಎಂದುಕೊಂಡೆ. ಅವಳು ರೀಲನ್ನು ಮುಟ್ಟಲೇ ಇಲ್ಲ. ದಾರವನ್ನು ತೋರುಬೆರಳ ಮೇಲೆ ಹಾಯಿಸಿ, ತಲೆ ಸ್ವಲ್ಪ ಓರೆ ಮಾಡಿ, ಪಕ್ಕದ ಮನೆಯ ಮಾತು ಕೇಳಿಸಿಕೊಳ್ಳುವವಳ ಹಾಗೆ ಕೂತಳು. ಎರಡು ನಿಮಿಷ. ಕೈ ಮೇಲೆತ್ತಿದಳು. ಪಾರೈ ಮೀನು, ಎರಡು ಕೆ.ಜಿ. ಇನ್ನರ್ಧ ಗಂಟೆಗೆ ಮತ್ತೊಂದು. ಅದಾದ ಮೇಲೆ ಕತ್ತಿಯ ಹಾಗೆ ಉದ್ದದ್ದು, ಅದಕ್ಕೆ ಇಲ್ಲಿ ಶೀಲಾ ಎನ್ನುತ್ತಾರಂತೆ.

“ಅಕ್ಕಾವುಕ್ಕು ಕೈ ಇರುಕ್ಕು, ಸಾರ್” ಎಂದ ತಣಿಕಾಚಲಂ. ಅಕ್ಕನಿಗೆ ಕೈ ಇದೆ. ಇದಕ್ಕೆ ಅನುವಾದ ಬೇಕಾಗಲಿಲ್ಲ. ನನಗೂ ಎರಡು ಕೈ ಇವೆ.

ಹೊಸಬರಿಗೆ ಅದೃಷ್ಟ ಇರುತ್ತದೆ. ಸಂತೋಷವೇ. ಇದು ಹೊಟ್ಟೆಕಿಚ್ಚಲ್ಲ.

ಫೆಬ್ರವರಿ 10, ಸೋಮವಾರ

ಉಷಾ: ಐದು. ನಾನು: ಒಂದು, ಅದೂ ಮುಳ್ಳುಮೀನು. ತಣಿಕಾಚಲಂ ಅದನ್ನು ಇಕ್ಕಳದಿಂದ ಬಿಡಿಸಿ ನೀರಿಗೆಸೆದ.

ದೋಣಿ ಹತ್ತುವಾಗ ಅವನು “ಅಕ್ಕಾ, ಮುನ್ನಾಡಿ” ಎಂದು ಅವಳನ್ನು ಮುಂತುದಿಗೆ ಕಳಿಸಿದ. ಫ್ಲಾಸ್ಕ್ ನನ್ನ ಕಾಲ ಬಳಿ ಇತ್ತು.

ಫೆಬ್ರವರಿ 11, ಮಂಗಳವಾರ

ಇವತ್ತು ಬಿಡುವು. ತಣಿಕಾಚಲಂ ಬಲೆ ದುರಸ್ತಿ ಮಾಡಬೇಕಂತೆ. ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ.

“ಇದೆಲ್ಲ ಎಲ್ಲಿ ಕಲಿತೆ?”

“ಅಪ್ಪ ಭಾನುವಾರ ಕಾಸಿಮೇಡಿಗೆ ಕರ್ಕೊಂಡು ಹೋಗ್ತಿದ್ರಲ್ಲ. ಬಂದರಿನ ಕಲ್ಲಿನ ಮೇಲೆ ಕೂತು ಬರೀ ದಾರ ಬಿಡ್ತಿದ್ವಿ. ಕೋಲಿಲ್ಲ, ರೀಲಿಲ್ಲ. ಹನ್ನೆರಡು ವರ್ಷ ಆಗೋವರೆಗೂ ಹೋಗ್ತಿದ್ದೆ.”

“ನನಗೆ ಒಂದು ಮಾತು ಹೇಳಲಿಲ್ಲ ನೀನು.”

ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು. “ಹೇಳಿದ್ದೆ. ಮದುವೆಯಾದ ವರ್ಷ. ನಾನೂ ಹೊಳೆಗೆ ಬರ್ತೀನಿ ಅಂದೆ. ದಾರ ಬಿಟ್ಟು ಕೂರೋದು ಮೀನು ಹಿಡಿಯೋದಲ್ಲ, ಬಟ್ಟೆ ಒಣಗಿಸೋದು ಅಂದ್ರಿ. ನಿಮ್ಮ ಫ್ರೆಂಡ್ಸೆಲ್ಲ ನಕ್ಕರು.”

ನಾನು ಹಾಗೆ ಅಂದಿರಲಾರೆ.

ಸಂಜೆ ಅವಳು ಅಂಜಲೈ ಮನೆಗೆ ಹೋಗಿ ಇನ್ನೂ ಬಂದಿಲ್ಲ. ಕಿಟಕಿಯಿಂದ ನಗು ಕೇಳಿಸುತ್ತದೆ. ಇವಳದೇ. ಒಂದು ಸಂಗತಿಯನ್ನು ಇಲ್ಲಿಯಾದರೂ ಸ್ಪಷ್ಟವಾಗಿ ಬರೆದಿಡಬೇಕು. ಗೈಡ್ ಬೇಕೆಂದವನು ನಾನು. ಆಫೀಸಿನಲ್ಲಿ ಮರ್ಯಾದೆ ಕಳೆದುಕೊಂಡು ಬಂದವನು ನಾನು. ಈ ರಜೆ ನನ್ನದು. ಇಡೀ ಜಗತ್ತಿನಲ್ಲಿ ನನಗೆ ಚೆನ್ನಾಗಿ ಬರುವುದು ಒಂದೇ ಕೆಲಸ. ಅದನ್ನೂ ಒಬ್ಬರು ಪಕ್ಕದಲ್ಲಿ ಕೂತು, ಕಷ್ಟವೇ ಇಲ್ಲದೆ ಮಾಡಬೇಕೇ?

ತಣಿಕಾಚಲಂಗೆ ಫೋನ್ ಮಾಡಿದೆ. ನಾಳೆ ನಾನೊಬ್ಬನೇ ಬರುತ್ತೇನೆ, ಉಷಾಗೆ ಜ್ವರ ಎಂದೆ. ಜುರಂ ಎಂದರೆ ಅರ್ಥವಾಗುತ್ತದೆ. ಉಷಾಗೆ, ನಾಳೆ ತಣಿಕಾಚಲಂಗೆ ಬೇರೆ ಗಿರಾಕಿ ಇದ್ದಾರೆ, ನಾನು ಸುಮ್ಮನೆ ವಾಕಿಂಗ್ ಹೋಗಿ ಬರುತ್ತೇನೆ ಎಂದೆ.

ಫೆಬ್ರವರಿ 12, ಬುಧವಾರ

ಹುಣ್ಣಿಮೆ, ದೊಡ್ಡ ಉಬ್ಬರ. ಕೊಡುವಾಕ್ಕೆ ಇದಕ್ಕಿಂತ ಒಳ್ಳೆಯ ದಿನವಿಲ್ಲ. ರಾಡನ್ನು ನಿನ್ನೆಯೇ ಮೆಟ್ಟಿಲ ಕೆಳಗೆ ಇಟ್ಟಿದ್ದೆ.

ದೋಣಿಯಲ್ಲಿ ಮೂರೂವರೆ ಗಂಟೆ ಇದ್ದೆವು. ತಣಿಕಾಚಲಂ ಮೂರು ಸಲ ಮಾತಾಡಿದ, ಮೂರು ಸಲವೂ “ಅಕ್ಕಾ ಎಪ್ಪಡಿ?” ಎಂದೇ. ಜ್ವರ ಎಷ್ಟಿದೆ ಎಂದು ಬೆರಳಿನಲ್ಲಿ ಕೇಳಿದ. ನೂರಾ ಎರಡು ಎಂದು ತೋರಿಸಿದೆ. ಅವನು ತಲೆ ಅಲ್ಲಾಡಿಸಿ ಎಂಜಿನ್ನಿನ ಕಡೆ ನೋಡುತ್ತ ಕೂತ. ನಾನು ಮುಂತುದಿಯಲ್ಲಿ ನಿಂತಿದ್ದೆ. ಯಾರೂ ಅನುವಾದ ಮಾಡಲಿಲ್ಲ, ಯಾರೂ ಚಹಾ ಬಗ್ಗಿಸಿ ಕೊಡಲಿಲ್ಲ. ಒಂದು ಮೀನು ಗಾಳಕ್ಕೆ ಮೂತಿ ತಾಗಿಸಿ ಹೋಯಿತು, ಅಷ್ಟೆ.

ಹಿಂದಿರುಗಿ ಸ್ನಾನ ಮಾಡಿ ಪೇಪರ್ ಹಿಡಿದು ಕೂತಿದ್ದೆ. ಹನ್ನೊಂದಕ್ಕೆ ಬಾಗಿಲು ಬಡಿದರು. ಅಂಜಲೈ. ಸೆರಗಿನಲ್ಲಿ ಸುತ್ತಿದ ಮುಚ್ಚಳದ ಸ್ಟೀಲ್ ಪಾತ್ರೆ. ಉಷಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅಂಜಲೈ ಉಷಾಳನ್ನು ನೋಡಿದವಳೇ ಅವಳ ಹಣೆಯ ಮೇಲೆ ಅಂಗೈ ಇಟ್ಟಳು. ಇಬ್ಬರ ಮಾತಿನಲ್ಲಿ ನನಗೆ ತಿಳಿದದ್ದು ನಾಲ್ಕೇ ಪದ. ಜುರಂ. ಸಾರ್. ಬೋಟ್. ನಂಡು ರಸಂ. ಏಡಿಯ ರಸಂ ಅದು, ಜ್ವರಕ್ಕೆಂದು ಮೆಣಸು ಅರೆದು ಮಾಡಿ ತಂದಿದ್ದಳು.

ಉಷಾ ಒಮ್ಮೆ ನನ್ನ ಕಡೆ ತಿರುಗಿದಳು. ಪೇಪರಿನಲ್ಲಿ ಏನಿತ್ತೋ ನಾನು ಓದುತ್ತಿರಲಿಲ್ಲ. ಮತ್ತೆ ಅಂಜಲೈಯ ಕಡೆ ತಿರುಗಿ, ಸಣ್ಣದಾಗಿ ಒಂದು ಸಲ ಕೆಮ್ಮಿದಳು. ಹೌದು, ರಾತ್ರಿಯೆಲ್ಲ ಇತ್ತು, ಈಗ ಇಳಿದಿದೆ ಎಂದಿರಬೇಕು. ಕುರ್ಚಿಯ ಮೇಲೆ ಕೂತು, ಅಂಜಲೈಯ ಮುಂದೆಯೇ ರಸಂ ಪೂರ್ತಿ ಕುಡಿದಳು. ಬೆವರು ಬಂತು. ಅಂಜಲೈ ಸಮಾಧಾನವಾಗಿ ಹೋದಳು.

ಬಾಗಿಲು ಹಾಕಿದ ಮೇಲೆ ಬೈಯುತ್ತಾಳೆಂದು ಕಾದೆ. ಪಾತ್ರೆ ತೊಳೆದು ಬೋರಲು ಹಾಕಿದಳು. ಆಮೇಲೆ ಅಂದಳು: “ನನ್ನನ್ನ ಬೇಡ ಅಂದಿದ್ರೆ ನಾನೇ ಮನೇಲಿರ್ತಿದ್ದೆ.”

ಅಷ್ಟೇ.

ಫೆಬ್ರವರಿ 13, ಗುರುವಾರ

ಉಷಾ ಬೆಳಗ್ಗೆ ಬಸ್ಸು ಹಿಡಿದು ಒಬ್ಬಳೇ ರಾಯಪುರಂಗೆ ಹೋದಳು. ನಾನು ಬರಲೇ ಎಂದು ಕೇಳಿದೆ. “ನೋಡೋಕೆ ಏನೂ ಇಲ್ಲ, ಕ್ವಾರ್ಟರ್ಸ್ ಒಡೆದಿದಾರಂತೆ” ಎಂದಳು. ನೋಡಲು ಏನೂ ಇಲ್ಲದ ಜಾಗದಲ್ಲಿ ಸಂಜೆ ಐದರವರೆಗೂ ಇದ್ದಳು.

ಆ ಮಾತು ನಾನು ಅಂದಿದ್ದೆ. ಬಟ್ಟೆ ಒಣಗಿಸೋದು ಅಂತ. ಹಚ್ಚ ಹಸುರು ಸೀರೆ ಉಟ್ಟಿದ್ದಳು ಆ ದಿನ, ಕೈಯಲ್ಲಿ ಬುತ್ತಿ ಹಿಡಿದು ತಯಾರಾಗಿ ನಿಂತಿದ್ದಳು. ನಾವು ಗೆಳೆಯರಷ್ಟೇ ಸ್ಕೂಟರ್ ಹತ್ತಿ ಹೋದೆವು.

ಮಧ್ಯೆ ರಜತ್ ಫೋನ್ ಮಾಡಿದ್ದ, ಯಾವುದೋ ಹಳೆಯ ಫೈಲು ಎಲ್ಲಿದೆ ಎಂದು. ಮೂರನೇ ಬೀರು, ಕೆಳಗಿನ ಅರೆ ಎಂದೆ. ಇಟ್ಟ ಮೇಲೆ ನೆನಪಾಯಿತು, ಅವನ ಜೊತೆ ಬಿಗಿಯಾಗಿ ಮಾತಾಡಬೇಕೆಂದುಕೊಂಡಿದ್ದೆ.

ಅವಳು ಬಂದ ಮೇಲೆ ನಾಳೆ ಇಬ್ಬರೂ ಹೋಗೋಣ ಎಂದೆ. ಚಪ್ಪಲಿ ಬಿಡುತ್ತ “ಹೂಂ” ಎಂದಳು.

ಫೆಬ್ರವರಿ 14, ಶುಕ್ರವಾರ

ಎಡಗೈ ಬರಹ. ಬಲ ಅಂಗೈಗೆ ಆರು ಹೊಲಿಗೆ. ಕೊಡುವಾ ಬಂದಿತ್ತು. ಉಷಾಳ ಗಾಳಕ್ಕೆ. ಹೋಯಿತು. ನನ್ನಿಂದ.

ಬೇಕೆಂದು ಮಾಡಲಿಲ್ಲ. ಬೇಕೆಂದು ಮಾಡಲಿಲ್ಲ.

ಫೆಬ್ರವರಿ 15, ಶನಿವಾರ

ಎಡಗೈಯಲ್ಲಿ ಒಂದು ಸಾಲಿಗೆ ಐದು ನಿಮಿಷ ಬೇಕು. ಬೇರೇನೂ ಕೆಲಸವಿಲ್ಲ.

ನಿನ್ನೆ ಬೆಳಗ್ಗೆ ಆರೂಕಾಲು. ಅಳಿವೆಯ ಬಾಯಿ. ತಣಿಕಾಚಲಂ ನನ್ನನ್ನು ಎಂದಿನ ಹಾಗೇ ಮಾತಾಡಿಸಿದ. ಉಷಾ ಅವನಿಗೆ ಏನೂ ಹೇಳಿರಲಿಲ್ಲ. ಅವಳನ್ನು ಮುಂತುದಿಗೆ ನಾನೇ ಕಳಿಸಿದೆ. ದಾರ ಬೆರಳ ಮೇಲೆ ಬಿಟ್ಟು ಕೂತಳು. ನಾನು ಗಾಳ ಹಾಕದೆ ಅವಳನ್ನೇ ನೋಡುತ್ತಿದ್ದೆ, ಎಲ್ಲಿ ಏನು ಬೇರೆ ಮಾಡುತ್ತಾಳೆ ತಿಳಿಯಲೆಂದು. ಏನೂ ಬೇರೆ ಇಲ್ಲ. ಅವಳಿಗೆ ಅವಸರವಿಲ್ಲ, ಅಷ್ಟೆ.

ಇದ್ದಕ್ಕಿದ್ದಂತೆ ಕೆಳತುಟಿ ಕಚ್ಚಿ ಎದ್ದು ನಿಂತಳು. ರಾಡು ಬಿಲ್ಲಾಯಿತು. ಐವತ್ತು ಮಾರು ಆಚೆ ಅದು ನೀರಿನಿಂದ ಪೂರ್ತಿ ಮೇಲೆದ್ದಿತು. ಬಾಯಿ ತೆರೆದು ತಲೆ ಒದರಿ ಬಿದ್ದ ಸದ್ದು ಇಲ್ಲಿಗೆ ಕೇಳಿಸಿತು. “ಕೊಡುವಾ!” ಎಂದ ತಣಿಕಾಚಲಂ. ಎಂಟು ಕೆ.ಜಿ.ಗೆ ಕಡಿಮೆಯಿಲ್ಲ. ಬಿಡು ಎನ್ನಬೇಕಾದಲ್ಲಿ ಅವನು ಹೇಳುವ ಮೊದಲೇ ಬಿಡುತ್ತಿದ್ದಳು, ಎಳೆಯಬೇಕಾದಲ್ಲಿ ಎಳೆಯುತ್ತಿದ್ದಳು. ಇಪ್ಪತ್ತು ನಿಮಿಷ. ದೇವರೇ ಇದು ತಪ್ಪಿಹೋಗದಿರಲಿ ಎಂದು ಬಾಯಿಬಿಟ್ಟು ಅಂದೆನಂತೆ, ನನಗೆ ನೆನಪಿಲ್ಲ.

ಮೀನು ದೋಣಿಯ ಪಕ್ಕಕ್ಕೆ ಬಂತು. ತಣಿಕಾಚಲಂ ಎಂಜಿನ್ ಬಿಡುವಂತಿರಲಿಲ್ಲ, ಅಲೆ ಬಂಡೆಗೆ ತಳ್ಳುತ್ತಿತ್ತು. ಕೈಬಲೆ ನನ್ನ ಕೈಯಲ್ಲಿತ್ತು. ಮೂವತ್ತು ವರ್ಷ ಬಲೆ ಹಿಡಿದವನು ನಾನು. ತಲೆಯ ಕಡೆಯಿಂದಲೇ ಇಳಿಸಿದೆ. ಆಗ ಅಲೆ ದೋಣಿಯನ್ನು ಎತ್ತಿ ಕುಕ್ಕಿತು. ಬಲೆಯ ಅಂಚು ದಾರಕ್ಕೆ ಬಡಿಯಿತು. ದಾರ ಕಡಿಯಿತು.

ಮೀನಿಗೆ ಇನ್ನೂ ತಿಳಿದಿರಲಿಲ್ಲ. ಒಂದು ಗಳಿಗೆ ಅಲ್ಲೇ ತೇಲುತ್ತಿತ್ತು. ನಾನು ಬಲೆ ಬಿಸಾಕಿ ಸೊಂಟದವರೆಗೂ ಹೊರಗೆ ಬಾಗಿ, ಬರಿಗೈಯಲ್ಲಿ ಕಿವಿರಿಗೆ ಕೈ ಹಾಕಿದೆ. ಕೊಡುವಾದ ಕಿವಿರಿನ ಮುಚ್ಚಳ ಬ್ಲೇಡಿನ ಹಾಗಿರುತ್ತದೆ ಎಂದು ಗೊತ್ತಿರಲಿಲ್ಲ. ಒದರಿಕೊಂಡು ಹೋಯಿತು. ತಣಿಕಾಚಲಂ ನನ್ನ ಜಾಕೆಟ್ ಹಿಡಿದು ಒಳಗೆ ಎಳೆದ. ದೋಣಿಯ ತಳದಲ್ಲಿ ರಕ್ತವೋ ನೀರೋ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ ಉಷಾ ಪಕ್ಕದಲ್ಲೇ ನಿಂತಿದ್ದಳು. ಇವತ್ತು ಬೆಳಗ್ಗೆ ಇಡ್ಲಿ ಮುರಿದು ನನ್ನ ಬಾಯಿಗೆ ಇಡುತ್ತಿದ್ದಾಗ ಹೇಳಿದೆ.

“ನಾನು ಬೇಕಂತ ಮಾಡಲಿಲ್ಲ, ಉಷಾ.”

“ನಾನು ಕೇಳಿದ್ನಾ?”

“ಕೇಳಲಿಲ್ಲ. ಅದಕ್ಕೇ ಹೇಳ್ತಿದೀನಿ. ಮೊನ್ನೆ ಜ್ವರದ್ದು ಬೇಕಂತಲೇ ಮಾಡಿದ್ದು. ಇದಲ್ಲ.”

ಇಡ್ಲಿಯ ಚೂರು ಹಿಡಿದುಕೊಂಡೇ ಇದ್ದಳು. “ದಾರ ಕಡಿದಾಗ ನಿಮ್ಮ ಮುಖ ನೋಡ್ದೆ. ಅನುಮಾನ ಬಂತು. ಸುಳ್ಳು ಯಾಕೆ ಹೇಳ್ಲಿ.”

“ಆಮೇಲೆ?”

“ಆಮೇಲೆ ನೀವು ಕೈ ಹಾಕಿದ್ರಿ.”

ಇಡ್ಲಿ ಬಾಯಿಗಿಟ್ಟಳು. ಆ ಕೈ ಕುಯ್ಯದಿದ್ದರೆ ಇವಳು ನನ್ನನ್ನು ನಂಬುತ್ತಿದ್ದಳೇ? ಕೇಳಲು ಧೈರ್ಯ ಬರಲಿಲ್ಲ.

“ನಿನ್ನ ಮೀನು ಹೋಯ್ತಲ್ಲ” ಎಂದೆ. ಅಷ್ಟು ಅನ್ನುವುದರೊಳಗೆ ಕಣ್ಣಲ್ಲಿ ನೀರು ಬಂತು, ಈ ವಯಸ್ಸಿನಲ್ಲಿ, ಬಾಯಲ್ಲಿ ಇಡ್ಲಿ ಇಟ್ಟುಕೊಂಡು.

“ಅದು ಅಲ್ಲೇ ಇದೆ. ಎಲ್ಲಿ ಹೋಗತ್ತೆ” ಎಂದಳು ಉಷಾ. ಇನ್ನೊಂದು ಚೂರು ಮುರಿಯುತ್ತ: “ರಸಂ ಮಾತ್ರ ತುಂಬ ಚೆನ್ನಾಗಿತ್ತು.”

ಫೆಬ್ರವರಿ 16, ಭಾನುವಾರ

ಸಂಜೆ ರೈಲು. ಕೈಗೆ ಸಮುದ್ರದ ನೀರು ಸೋಕಬಾರದೆಂದು ಡಾಕ್ಟರ್ ಹೇಳಿದ್ದಾರೆ. ಉಷಾ ತಾನೂ ಹೋಗುವುದಿಲ್ಲ, ಬಟ್ಟೆ ಜೋಡಿಸುತ್ತೇನೆ ಎಂದಳು. ಒಂದು ಕೈಯಲ್ಲಿ ಆಗುವಷ್ಟು ನಾನೇ ಜೋಡಿಸುತ್ತೇನೆ, ನೀನು ಹೋಗು ಎಂದೆ. ಎರಡು ಸಲ ಹೇಳಿಸಿಕೊಂಡು ಹೋದಳು. ಜಾಕೆಟ್ಟಿನ ಬಕಲ್ಲನ್ನು ನಾನು ಹಾಕಲು ಹೋದೆ, ಎಡಗೈಗೆ ಬರಲಿಲ್ಲ. ಅವಳೇ ಹಾಕಿಕೊಂಡಳು.

ಅಂಜಲೈ ಬುಟ್ಟಿಯ ಪಕ್ಕದಲ್ಲಿ ನನಗೊಂದು ಗೋಣಿ ಹಾಸಿಕೊಟ್ಟು, ಐಸು ತರುತ್ತೇನೆಂದು ಸನ್ನೆ ಮಾಡಿ ಹೋಗಿದ್ದಾಳೆ. ಕಾಗೆ ಓಡಿಸುವ ಕೆಲಸ ನನ್ನದು. ಡೈರಿ ಮೊಣಕಾಲ ಮೇಲಿದೆ.

ದೋಣಿ ಅಲೆಸಾಲು ದಾಟಿ ಈಗ ಹೆಬ್ಬೆರಳಿನ ಉಗುರಿನಷ್ಟಾಗಿದೆ. ಮುಂತುದಿಯಲ್ಲಿ ಒಂದು ಕಿತ್ತಳೆ ಚುಕ್ಕಿ. ಬಹಳ ಹೊತ್ತು ಕೂತೇ ಇತ್ತು. ಈಗ ಎದ್ದು ನಿಂತಿತು. ಕಚ್ಚಿರಬೇಕು. ಪಾರೈಯೋ, ಅದೇ ಕೊಡುವಾವೋ, ಇಲ್ಲಿಂದ ತಿಳಿಯುವುದಿಲ್ಲ.

ಮೀನು ಕಚ್ಚಿದಾಗ ಉಷಾ ಕೆಳತುಟಿಯನ್ನು ಎಡಗಡೆಗೆ ಎಳೆದು ಕಚ್ಚಿಕೊಳ್ಳುತ್ತಾಳೆ. ಹುಬ್ಬು ಮೇಲೇರುತ್ತದೆ, ಹತ್ತು ವರ್ಷದ ಹುಡುಗಿಯ ಮುಖವಾಗಿಬಿಡುತ್ತದೆ. ಮೊನ್ನೆ ಮೊದಲ ಸಲ ನೋಡಿದೆ. ಈಗ ಅದನ್ನು ತಣಿಕಾಚಲಂ ಎರಡು ಮಾರು ದೂರದಲ್ಲಿ ಕೂತು ನೋಡುತ್ತಿದ್ದಾನೆ. ನಾನು ಇಲ್ಲಿ ಬುಟ್ಟಿ ಕಾಯುತ್ತಿದ್ದೇನೆ. ಹೊಟ್ಟೆ ಉರಿಯುತ್ತಿದೆ.